ಆಟಕ್ಕೂ ಬೇಕು ಜಾಮೀನುದಾರ

ವಿಡಿಯೋ ಗೇಮ್ ಎಂಬ ಮಾತು ಎದ್ದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಕಡೆ ಮೊಮ್ಮಕ್ಕಳು. ಇನ್ನೊಂದು ಕಡೆ, ಕಣ್ಣು ಹಾಳು, ಓದು ಹಾಳು ಎನ್ನುವ ಹಿರಿಯರು. ಈ ಜಗಳದ ನಡುವೆ ಎರಡೂ ಪಕ್ಷದವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಎಲ್ಲೋ ಜಪಾನಿನಲ್ಲೋ ಪೋಲೆಂಡಿನಲ್ಲೋ ಕೂತು ಯಾರೋ ಮಾಡುತ್ತಿರುವ ಆಟದ ಹೆಸರು, ಅದು ಮಾರಾಟಕ್ಕೆ ಬರುವ ಆರು ತಿಂಗಳು ಮೊದಲೇ, ಮೈಸೂರಿನ ಎಂಟನೇ ತರಗತಿ ಹುಡುಗನ ಬಾಯಿಗೆ ಬಂದದ್ದು ಹೇಗೆ? ಅವನಿಗೆ ಅದು ಬೇಕೇ ಬೇಕು ಅನ್ನಿಸಿದ್ದು ಹೇಗೆ?

ಅದಕ್ಕೆಂದೇ ಒಂದು ಕಸುಬಿದೆ. ಅದರ ಹೆಸರು ಸಾರ್ವಜನಿಕ ಸಂಪರ್ಕ, ಎಲ್ಲರ ಬಾಯಲ್ಲಿ ಪಿಆರ್. ನಮ್ಮ ಕಾಲದಲ್ಲಿ ಪಿಆರ್‌ಒ ಎಂದರೆ ದೊಡ್ಡ ಕಚೇರಿಗಳಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪತ್ರಕರ್ತರಿಗೆ ಕಾಫಿ ಕೊಡಿಸಿ, ಪ್ರಕಟಣೆಯ ಹಾಳೆ ಹಂಚುತ್ತಿದ್ದ ಅಧಿಕಾರಿ. ವಿಡಿಯೋ ಗೇಮ್ ಪ್ರಪಂಚದ ಪಿಆರ್ ಕೂಡ ಮೂಲದಲ್ಲಿ ಅದೇ ಕೆಲಸ. ಕಾಫಿಯ ಲೋಟ ಬದಲಾಗಿದೆ, ಅಷ್ಟೇ.

ಈ ವಿಷಯ ನನಗೆ ಗೊತ್ತಾದದ್ದು ನನ್ನ ಇಬ್ಬರು ಮೊಮ್ಮಕ್ಕಳಿಂದ. ದೊಡ್ಡವಳು ಎಂಜಿನಿಯರಿಂಗ್ ಮುಗಿಸಿ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಪುಟ್ಟ ವಿಡಿಯೋ ಗೇಮ್ ಮಾಡಿದಳು. ಅದನ್ನು ಮಾರುವ ಚಿಂತೆ ಅವಳದು. ಚಿಕ್ಕವನು, ಮನೆಯಲ್ಲಿ ನಾವು ಪುಟ್ಟ ಅನ್ನುವವನು, ಎಂಟನೇ ತರಗತಿ. ಆಟ ಕೊಳ್ಳುವ ಚಿಂತೆ ಅವನದು. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕೂತವನಿಗೆ, ಒಂದೇ ಮನೆಯಲ್ಲಿ ಕೌಂಟರಿನ ಎರಡೂ ಬದಿ ನೋಡುವ ಅವಕಾಶ ಸಿಕ್ಕಿತು.

ಮೊದಲು ಜಾಹೀರಾತಿಗೂ ಪಿಆರ್‌ಗೂ ಇರುವ ವ್ಯತ್ಯಾಸ ಹೇಳಬೇಕು. ಅದನ್ನು ನಾನು ಅರ್ಥ ಮಾಡಿಕೊಂಡದ್ದು ಬ್ಯಾಂಕಿನ ಭಾಷೆಯಲ್ಲೇ. ಸಾಲಕ್ಕೆ ಅರ್ಜಿ ಹಾಕುವವನು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ. ನಾನು ಪ್ರಾಮಾಣಿಕ, ನನ್ನ ಅಂಗಡಿ ಚೆನ್ನಾಗಿ ನಡೆಯುತ್ತದೆ, ಕಂತು ತಪ್ಪಿಸುವುದಿಲ್ಲ ಎಂದು. ಅದು ಜಾಹೀರಾತು. ಅವನ ಮಾತು ಸುಳ್ಳೆಂದೇನೂ ಅಲ್ಲ, ಆದರೆ ಯಾರೂ ತಮ್ಮ ಮೊಸರು ಹುಳಿ ಎನ್ನುವುದಿಲ್ಲವಲ್ಲ. ಆದ್ದರಿಂದ ಬ್ಯಾಂಕು ಜಾಮೀನುದಾರನನ್ನು ಕೇಳುತ್ತದೆ. ಅರ್ಜಿದಾರನನ್ನು ಬಲ್ಲ ಇನ್ನೊಬ್ಬ ಬಂದು, ಇವನ ಮಾತಿಗೆ ನನ್ನ ಹೆಸರು ಸೇರಿಸಿಕೊಳ್ಳಿ ಎಂದು ಸಹಿ ಹಾಕಬೇಕು. ಪಿಆರ್ ಎಂದರೆ ಆ ಜಾಮೀನುದಾರನನ್ನು ಹುಡುಕುವ ಕೆಲಸ. ಆಟದ ಬಗ್ಗೆ ಬರೆಯುವ ಪತ್ರಕರ್ತರು, ಯೂಟ್ಯೂಬಿನಲ್ಲಿ ಆಡಿ ತೋರಿಸುವವರು, ಆಡಿ ಮುಗಿಸಿ ಅಭಿಪ್ರಾಯ ಬರೆಯುವ ಸಾಮಾನ್ಯರು, ಇವರೆಲ್ಲ ಆಟದ ಜಾಮೀನುದಾರರು. ನಮ್ಮ ಪುಟ್ಟ ಒಂದು ಆಟ ಬೇಕು ಎನ್ನುವಾಗ ಕಂಪನಿಯ ಹೆಸರು ಹೇಳುವುದಿಲ್ಲ. "ಆ ಅಣ್ಣ ಆಡಿ ತೋರಿಸಿದ್ದಾನೆ, ತಾತ" ಎನ್ನುತ್ತಾನೆ.

ಈ ಜಾಮೀನು ಎಷ್ಟು ದೊಡ್ಡದು ಎಂದು ತಿಳಿಯಲು ನಲವತ್ತು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕು. 1982ರಲ್ಲಿ ಅಟಾರಿ ಎಂಬ ಕಂಪನಿ, ಆ ವರ್ಷದ ಜನಪ್ರಿಯ ಸಿನಿಮಾ 'ಇ.ಟಿ.' ಹೆಸರಿನಲ್ಲಿ ಒಂದು ಆಟ ತಂದಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿಕ್ಕಲೇಬೇಕೆಂಬ ಅವಸರದಲ್ಲಿ ಆಟ ಬರೆಯುವವನಿಗೆ ಸಿಕ್ಕಿದ್ದು ಸುಮಾರು ಐದು ವಾರ ಮಾತ್ರ. ಹೆಸರು ದೊಡ್ಡದು, ಪ್ರಚಾರ ದೊಡ್ಡದು, ಆಟ ಮಾತ್ರ ಮಕ್ಕಳಿಗೆ ಬೇಸರ ತರಿಸಿತು. ಲಕ್ಷಗಟ್ಟಲೆ ಪೆಟ್ಟಿಗೆಗಳು ಮಾರಾಟವಾಗದೆ ಉಳಿದವು. 1983ರಲ್ಲಿ ಕಂಪನಿ ತನ್ನ ಉಳಿಕೆ ಸರಕನ್ನು ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತಿತು. ಇದೆಲ್ಲ ಕಟ್ಟುಕತೆ ಎಂದೇ ಎಷ್ಟೋ ಜನ ನಂಬಿದ್ದರು. 2014ರಲ್ಲಿ ಅಲ್ಲಿ ಅಗೆದಾಗ ಇ.ಟಿ. ಪೆಟ್ಟಿಗೆಗಳು ನಿಜವಾಗಿಯೂ ಮಣ್ಣಿನಿಂದ ಮೇಲೆ ಬಂದವು!

ಮುಳುಗಿದ್ದು ಆ ಒಂದು ಆಟ ಮಾತ್ರವಲ್ಲ. ಅದೇ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಕಳಪೆ ಆಟಗಳು ರಾಶಿ ಬಿದ್ದಿದ್ದವು. ವಿಡಿಯೋ ಗೇಮ್ ಎಂಬ ಶಬ್ದ ಕೇಳಿದರೇ ಅಂಗಡಿಯವರು ಕೈ ಮುಗಿದು ಬಾಗಿಲು ತೋರಿಸುವ ಕಾಲ ಬಂತು.

ಅಂಥ ಹೊತ್ತಿನಲ್ಲಿ, 1985ರಲ್ಲಿ, ಜಪಾನಿನ ನಿಂಟೆಂಡೊ ನ್ಯೂಯಾರ್ಕಿಗೆ ಬಂತು. ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಹುಟ್ಟಿದ ಕಂಪನಿ ಇದು. ಅವರು ಮಾಡಿದ್ದನ್ನು ನೋಡಿ. ತಮ್ಮ ಯಂತ್ರವನ್ನು ವಿಡಿಯೋ ಗೇಮ್ ಎಂದು ಕರೆಯಲೇ ಇಲ್ಲ, ಎಂಟರ್‌ಟೈನ್‌ಮೆಂಟ್ ಸಿಸ್ಟಮ್ ಎಂದು ಹೆಸರಿಟ್ಟರು. ಆಟದ ಪೆಟ್ಟಿಗೆಯನ್ನು ಅಂದಿನ ವಿಸಿಆರ್ ಹಾಗೆ ಮುಂಭಾಗದಿಂದ ತುರುಕುವಂತೆ ಮಾಡಿದರು. ಜೊತೆಗೆ ರಾಬ್ ಎಂಬ ಪುಟ್ಟ ರೋಬೋ ಕೊಟ್ಟರು, ನೋಡಿದವರಿಗೆ ಇದು ಆಟಿಕೆ ಅನ್ನಿಸಲೆಂದು. ಎಲ್ಲಕ್ಕಿಂತ ಮುಖ್ಯವಾಗಿ ಅಂಗಡಿಯವರಿಗೆ ಮಾತು ಕೊಟ್ಟರು: ಸರಕು ನಾವೇ ಜೋಡಿಸುತ್ತೇವೆ, ಮಾರಾಟವಾಗದೆ ಉಳಿದದ್ದನ್ನು ವಾಪಸು ತೆಗೆದುಕೊಳ್ಳುತ್ತೇವೆ.

ಆ ರೋಬೋ ಜೊತೆ ಆಡಲು ಬರುತ್ತಿದ್ದ ಆಟಗಳು ಎರಡೇ ಎರಡು. ಯಂತ್ರ ಜನಕ್ಕೆ ಒಗ್ಗಿದ ಮೇಲೆ ಅದು ಸದ್ದಿಲ್ಲದೆ ಮೂಲೆ ಸೇರಿತು. ಮನೆಮನೆಯಲ್ಲಿ ಉಳಿದುಕೊಂಡವನು ಮೀಸೆಯ ಮಾರಿಯೋ. ಅಂಗಡಿಯ ಬಾಗಿಲು ತೆರೆಸುವುದು ಪಿಆರ್‌ನಿಂದ ಆದೀತು, ಮನೆಯೊಳಗೆ ಉಳಿಯಲು ಆಟವೇ ಚೆನ್ನಾಗಿರಬೇಕು. ಮುಂದೆ ಅದೇ ಕಂಪನಿ ಮಕ್ಕಳಿಗಾಗಿ 1988ರಲ್ಲಿ ಒಂದು ಪತ್ರಿಕೆಯನ್ನೇ ಶುರು ಮಾಡಿತು. ಆಟದ ನಡುವೆ ದಾರಿ ತಪ್ಪಿದ ಮಕ್ಕಳು ಫೋನ್ ಮಾಡಿದರೆ ಉತ್ತರ ಕೊಡಲೆಂದೇ ಸಂಬಳದ ಜನರನ್ನು ಕೂರಿಸಿತು. ಆಟ ಆಡಲು ಹೇಳಿಕೊಡುವ ಉದ್ಯೋಗ! ಪುಟ್ಟನಿಗೆ ಇದನ್ನು ಹೇಳಿದಾಗ, ಆ ಕೆಲಸಕ್ಕೆ ಯಾವ ಪರೀಕ್ಷೆ ಬರೀಬೇಕಿತ್ತು ತಾತ ಎಂದು ಕೇಳಿದ.

ಅಜ್ಜ ಅಜ್ಜಿಯರಿಗೆ ಸಂಬಂಧಪಟ್ಟ ಮಾತೊಂದು ಇಲ್ಲೇ ಹೇಳಿಬಿಡುತ್ತೇನೆ. 2006ರಲ್ಲಿ ಇದೇ ಕಂಪನಿ 'ವೀ' ಎಂಬ ಯಂತ್ರ ತಂದಾಗ, ಅಮೆರಿಕದ ಮನೆಗಳಲ್ಲಿ ತಾಯಂದಿರನ್ನು, ಮೂರು ತಲೆಮಾರು ಒಟ್ಟಿಗಿರುವ ಕುಟುಂಬಗಳನ್ನು ಆರಿಸಿ, ನೆಂಟರಿಷ್ಟರನ್ನು ಕರೆದು ಆಡಿ ನೋಡಿ ಎಂದಿತು. ಕೈ ಬೀಸಿದರೆ ಪರದೆಯಲ್ಲಿ ಚೆಂಡು ಉರುಳುವ ಆಟ. ಕೆಲವೇ ತಿಂಗಳಲ್ಲಿ ವೃದ್ಧಾಶ್ರಮಗಳಲ್ಲಿ ಅಜ್ಜಂದಿರು ಬೌಲಿಂಗ್ ಪಂದ್ಯ ಆಡುವ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು. ಎಪ್ಪತ್ತು ವರ್ಷದ ಅಜ್ಜಿ ನಗುತ್ತ ಆಡುವ ಒಂದು ಫೋಟೋ ಮಾಡಿದ ಕೆಲಸವನ್ನು ಯಾವ ಜಾಹೀರಾತು ಮಾಡಬಲ್ಲದು?

ಇವು ದೊಡ್ಡವರ ಕತೆಯಾಯಿತು. ಕಿಸೆಯಲ್ಲಿ ಕಾಸಿಲ್ಲದ ಸಣ್ಣವರ ಪಾಡೇನು? ನಮ್ಮ ಹುಡುಗಿಯ ಆಟಕ್ಕೆ ಬರುತ್ತೇನೆ.

ಅವರ ಆಟ ಹೀಗಿದೆ. ಸಂತೆಯ ದಿನ. ಹಳ್ಳಿಯ ಬಸ್ ಸ್ಟಾಪಿಗೆ ಬಸ್ಸು ಬಂದು ನಿಲ್ಲುತ್ತದೆ. ಕಂಡಕ್ಟರ್ 'ರೈಟ್' ಅನ್ನುವುದರೊಳಗೆ ಟಾಪಿನ ಮೇಲೆ ಮೂಟೆ, ಬಾಳೆಗೊನೆ, ಸೈಕಲ್ಲು, ಕೋಳಿ ಬುಟ್ಟಿ ಎಲ್ಲ ಹೊಂದಿಸಿ ಇಡಬೇಕು. ಕೋಳಿ ಬುಟ್ಟಿಯ ಮೇಲೆ ಮೂಟೆ ಇಟ್ಟರೆ ಕೆಟ್ಟಿತು. ಕಂಪ್ಯೂಟರಿನಲ್ಲಿ ಆಡುವಂಥದ್ದು, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೆ. ಆ ಅಂಗಡಿಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬರುತ್ತವೆ. ಅಂದರೆ ದಿನಕ್ಕೆ ಇಪ್ಪತ್ತೇಳರ ಮೇಲೆ. ದಸರಾ ಜನಜಂಗುಳಿಯಲ್ಲಿ ಒಂದು ಮಗು ಕೈ ತಪ್ಪಿದ ಹಾಗೆ ಈ ಪುಟ್ಟ ಆಟ ಅಲ್ಲಿ ಕಳೆದುಹೋಗುವುದು ಖಂಡಿತ. ಹಾಗಾಗದಿರಲು ಯಾರಾದರೂ ಅದರ ಬಗ್ಗೆ ಮಾತಾಡಬೇಕು.

ಇಂಥ ಸಣ್ಣವರು ಗೆದ್ದದ್ದೂ ಉಂಟು. ಪುಣೆಯ ಒಂದು ಪುಟ್ಟ ತಂಡ 'ರಾಜಿ' ಎಂಬ ಆಟಕ್ಕಾಗಿ 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟಿತು, ಗುರಿ ಮುಟ್ಟಲಿಲ್ಲ. ಕೈ ಬಿಡದೆ ಮುಂದುವರಿದು 2020ರಲ್ಲಿ ಆಟ ತಂದರು, ಆ ವರ್ಷದ ದೊಡ್ಡ ಪ್ರಶಸ್ತಿಯೊಂದರ ಕಣದಲ್ಲಿ ಹೊಸಬರ ವಿಭಾಗಕ್ಕೆ ಅದು ನಾಮನಿರ್ದೇಶನಗೊಂಡಿತು. 'ಅಮಾಂಗ್ ಅಸ್' ಎಂಬ ಆಟದ ಹೆಸರನ್ನು ನಿಮ್ಮ ಮೊಮ್ಮಕ್ಕಳು ಬಲ್ಲರು. 2018ರಲ್ಲಿ ಬಂದಾಗ ಅದನ್ನು ಕೇಳುವವರು ಕಡಿಮೆ. ಎರಡು ವರ್ಷದ ಮೇಲೆ, ಕೊರೋನಾ ಕಾಲದಲ್ಲಿ, ಆಟ ಆಡಿ ತೋರಿಸುವ ಕೆಲವರು ತಾವಾಗಿಯೇ ಅದನ್ನು ಕೈಗೆತ್ತಿಕೊಂಡರು. ಕೆಲವೇ ತಿಂಗಳಲ್ಲಿ ಅದು ಜಗತ್ತಿಗೇ ಗೊತ್ತಾಯಿತು.

ನಮ್ಮ ಹುಡುಗಿ ಪತ್ರಕರ್ತರಿಗೆ ಕಳಿಸಲು ಒಂದು ಪತ್ರ ಬರೆದು ನನಗೆ ತೋರಿಸಿದಳು. ಕ್ರಾಂತಿಕಾರಿ, ಅದ್ಭುತ, ಹಿಂದೆಂದೂ ಕಂಡಿಲ್ಲದ ಎಂಬ ಪದಗಳು ಸಾಲುಸಾಲಾಗಿ ನಿಂತಿದ್ದವು. ಬ್ಯಾಂಕಿನಲ್ಲಿ ಹೆಡ್ ಆಫೀಸಿಗೆ ಟಿಪ್ಪಣಿ ಬರೆದು ಬರೆದು ಕೈ ಪಳಗಿದವನು ನಾನು. ಓದುವವನಿಗೆ ಬೇಕಾದದ್ದು ನಾಲ್ಕೇ ಸಂಗತಿ: ಯಾರು, ಏನು, ಯಾವಾಗ, ಎಷ್ಟು. ಕೆಂಪು ಪೆನ್ನು ತೆಗೆದುಕೊಂಡು ವಿಶೇಷಣಗಳನ್ನೆಲ್ಲ ಹೊಡೆದು ಹಾಕಿದೆ. ಕೊನೆಗೆ ಪತ್ರದ ಮೊದಲ ಸಾಲು ಹೀಗಾಯಿತು: "ಕೋಳಿ ಬುಟ್ಟಿಯ ಮೇಲೆ ಅಕ್ಕಿ ಮೂಟೆ ಇಡಬಾರದು, ಬಸ್ಸು ಹೊರಡಲು ಇನ್ನು ಒಂದೇ ನಿಮಿಷ ಇದೆ." ಅವಳಿಗೆ ನಗು ಬಂತು. "ಇಷ್ಟೇ ಸಾಕಾ ತಾತ?" ಎಂದಳು. ನಿನಗೆ ನಗು ಬಂತಲ್ಲ, ಅವರಿಗೂ ಬರಲಿ ಎಂದೆ.

ಪತ್ರದ ಜೊತೆ ಕಳಿಸುವ ಕಟ್ಟಿಗೆ ಪ್ರೆಸ್ ಕಿಟ್ ಎನ್ನುತ್ತಾರೆ. ಆಟದ ಐದಾರು ಚಿತ್ರ, ಒಂದು ನಿಮಿಷದ ಟ್ರೇಲರ್, ಮಾಡಿದವರ ಪರಿಚಯ, ಬೆಲೆ, ದಿನಾಂಕ, ಆಡಿ ನೋಡಲು ಒಂದು ಉಚಿತ ಪ್ರತಿ. ಸಾಲದ ಅರ್ಜಿಗೆ ಲಗತ್ತಿಸುವ ದಾಖಲೆಗಳಿದ್ದಂತೆ. ಒಂದು ಹಾಳೆ ಕಡಿಮೆಯಾದರೂ ಅರ್ಜಿ ಕೆಳಗೆ ಹೋಗುತ್ತದೆ. ಕೆಲವೊಮ್ಮೆ ಇಂಥ ದಿನ, ಇಂಥ ಗಂಟೆಯವರೆಗೆ ವಿಮರ್ಶೆ ಪ್ರಕಟಿಸಬಾರದು ಎಂಬ ಷರತ್ತೂ ಇರುತ್ತದೆ. ಎಲ್ಲರಿಗೂ ನಿಧಾನವಾಗಿ ಆಡಿ ಬರೆಯಲು ಸಮಯ ಸಿಗಲಿ ಎಂಬುದು ಅದರ ಒಳ್ಳೆಯ ಉದ್ದೇಶ. ಕೆಟ್ಟ ವಿಮರ್ಶೆ ಮಾರಾಟ ಮುಗಿಯುವತನಕ ಹೊರಬಾರದಿರಲಿ ಎಂಬ ಉದ್ದೇಶವೂ ಇರಬಹುದು. ಷರತ್ತು ಒಂದೇ, ಮನಸ್ಸು ಬೇರೆ ಬೇರೆ.

ಅರವತ್ತು ಜನರಿಗೆ ಪತ್ರ ಹೋಯಿತು. ನಾಲ್ವರು ಉತ್ತರಿಸಿದರು. ಒಬ್ಬರು ಆಡಿ ಬರೆದರು: ಕಲ್ಪನೆ ಸೊಗಸಾಗಿದೆ, ಆದರೆ ಹತ್ತನೇ ಹಂತದ ನಂತರ ಆಟ ಅದೇ ಅದೇ ಅನ್ನಿಸುತ್ತದೆ, ಸಂಗೀತ ತಲೆನೋವು. ಹುಡುಗಿ ಅಂದು ರಾತ್ರಿ ಊಟ ಬಿಟ್ಟಳು. ಬೆಳಗ್ಗೆ ಎದ್ದು ಗೆಳೆಯರನ್ನು ಕರೆದು ಸಂಗೀತ ಬದಲಿಸಲು ಕೂತಳು.

ಅದೇ ವಾರ ಒಂದು ಫೋನ್ ಬಂತು. ಪ್ರಚಾರ ಮಾಡಿಕೊಡುತ್ತೇವೆ ಎನ್ನುವ ಯಾರೋ. ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟರೆ ನೂರು ಮಂದಿಯಿಂದ ಒಳ್ಳೆಯ ಅಭಿಪ್ರಾಯ ಬರೆಸುತ್ತೇವೆ, ಹತ್ತು ಜನರಿಂದ ಹೊಗಳಿಕೆಯ ವಿಡಿಯೋ ಮಾಡಿಸುತ್ತೇವೆ, ದುಡ್ಡು ಪಡೆದ ವಿಷಯ ಅವರು ಹೇಳುವುದಿಲ್ಲ. ಮೂವರಲ್ಲಿ ಒಬ್ಬ ಹುಡುಗನ ಮನೆಯಲ್ಲಿ ತಂದೆಗೆ ಆರೋಗ್ಯವಿಲ್ಲ. ಎರಡು ತಿಂಗಳಲ್ಲಿ ಆಟದಿಂದ ಏನಾದರೂ ಬರದಿದ್ದರೆ ಅವನು ಇದನ್ನು ಬಿಟ್ಟು ಯಾವುದಾದರೂ ಕಂಪನಿ ಸೇರಲೇಬೇಕಿತ್ತು. "ಎಲ್ಲರೂ ಮಾಡ್ತಾರೆ, ನಾವೊಬ್ಬರೇ ಹರಿಶ್ಚಂದ್ರರಾ?" ಎಂದ ಅವನ ಮಾತಿನಲ್ಲಿ ದುರಾಸೆ ಇರಲಿಲ್ಲ, ಕಷ್ಟ ಇತ್ತು. ನಮ್ಮ ಹುಡುಗಿ ನನ್ನ ಕಡೆ ತಿರುಗಿದಳು. "ತಾತ, ನೀನಾಗಿದ್ರೆ ಏನ್ ಮಾಡ್ತಿದ್ದೆ?"

ನಾನು ಅವರಿಗೆ ಒಂದು ಹಳೆಯ ಸಂಗತಿ ಹೇಳಿದೆ. ಎಂಬತ್ತರ ದಶಕ, ತಾಲ್ಲೂಕು ಕೇಂದ್ರವೊಂದರ ನಮ್ಮ ಶಾಖೆ. ಸಾಲ ಕೇಳಿ ಬಂದವರೊಬ್ಬರ ಜೊತೆ ಬಿಳಿ ಪಂಚೆಯ ಒಬ್ಬ ಜಾಮೀನುದಾರ ಬಂದ. ಕಾಗದ ಪತ್ರ ಎಲ್ಲ ಸರಿ. ನಮ್ಮ ಮ್ಯಾನೇಜರು ಕನ್ನಡಕ ಸರಿಪಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇವರ ಮನೆ ಯಾವ ಬೀದಿಯಲ್ಲಿದೆ?" ಜಾಮೀನುದಾರ ಅರ್ಜಿದಾರನ ಮುಖ ನೋಡಿದ. ಅಷ್ಟೇ, ಗೊತ್ತಾಗಿಹೋಯಿತು. ಅವನು ಐವತ್ತು ರೂಪಾಯಿಗೆ ಸಹಿ ಹಾಕುವ ಬಾಡಿಗೆ ಜಾಮೀನುದಾರ. ವಿಚಿತ್ರವೆಂದರೆ ಸಾಲ ಕೇಳಿದ ಆ ಮನುಷ್ಯ ನಿಜಕ್ಕೂ ಒಳ್ಳೆಯವನು, ಅಂಗಡಿಯೂ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಆ ದಿನದ ನಂತರ ಅವನ ಯಾವ ಕಾಗದ ಬಂದರೂ ನಾವು ಎರಡು ಸಲ ತಿರುಗಿಸಿ ನೋಡುತ್ತಿದ್ದೆವು.

ಇಂಥದ್ದೇ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ನಡೆದಿದೆ. 2014ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ 'ಶ್ಯಾಡೋ ಆಫ್ ಮೊರ್ಡೊರ್' ಎಂಬ ಆಟ ತಂದಾಗ, ಯೂಟ್ಯೂಬಿನ ಜನಪ್ರಿಯರಿಗೆ ಮಧ್ಯವರ್ತಿಗಳ ಮೂಲಕ ಹಣ ಕೊಟ್ಟಿತು. ಕೆಲವರಿಗೆ ನೂರಾರು ಡಾಲರ್, ಕೆಲವರಿಗೆ ಹತ್ತಾರು ಸಾವಿರ. ಆಟದ ದೋಷಗಳನ್ನು ತೋರಿಸಬಾರದು ಎಂಬ ಷರತ್ತೂ ಇತ್ತು. ಹಣ ಪಡೆದ ವಿಷಯವನ್ನು ಹಲವರು ವಿಡಿಯೋದಲ್ಲಿ ಹೇಳಲಿಲ್ಲ, ಕೆಳಗಿನ ಬರಹದಲ್ಲಿ ಒತ್ತಿ ತೆರೆದರೆ ಮಾತ್ರ ಕಾಣುವ ಜಾಗದಲ್ಲಿ ಬರೆದಿಟ್ಟರು. ಆ ವಿಡಿಯೋಗಳನ್ನು 55 ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು. 2016ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಇದು ಗ್ರಾಹಕರನ್ನು ದಾರಿ ತಪ್ಪಿಸುವ ಕೆಲಸ ಎಂದು ಆರೋಪ ಹೊರಿಸಿತು. ಇನ್ನು ಮುಂದೆ ಹೀಗೆ ಮುಚ್ಚಿಡುವುದಿಲ್ಲ ಎಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ತಮಾಷೆ ನೋಡಿ, ಆ ಆಟ ಒಳ್ಳೆಯದೇ ಆಗಿತ್ತು, ಪ್ರಶಸ್ತಿಗಳೂ ಬಂದವು. ಒಳ್ಳೆಯ ಅರ್ಜಿದಾರ, ಬಾಡಿಗೆ ಜಾಮೀನುದಾರ!

ನಮ್ಮ ದೇಶದಲ್ಲೂ ಈಗ ನಿಯಮಗಳಿವೆ. ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡಿರುವ ಎಎಸ್‌ಸಿಐ ಸಂಸ್ಥೆ 2021ರಲ್ಲಿ, ಹಣ ಅಥವಾ ಉಡುಗೊರೆ ಪಡೆದು ಹೇಳುವ ಮಾತಿಗೆ ಇದು ಜಾಹೀರಾತು ಎಂಬ ಗುರುತು ಎದ್ದು ಕಾಣುವಂತೆ ಇರಬೇಕು ಎಂದಿತು. ಆನ್‌ಲೈನ್ ಅಭಿಪ್ರಾಯಗಳಿಗೆ 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಐಎಸ್ 19000 ಎಂಬ ಮಾನದಂಡ ತಂದಿದೆ. ಸ್ಟೀಮ್ ಅಂಗಡಿಯೂ ದುಡ್ಡಿನ ಅಭಿಪ್ರಾಯಗಳನ್ನು ಒಪ್ಪುವುದಿಲ್ಲ.

ಮೂವರೂ ನಮ್ಮ ಮನೆಯ ಮಹಡಿಯ ಮೇಲೆ ಮಧ್ಯರಾತ್ರಿಯವರೆಗೆ ವಾದ ಮಾಡಿದರು. ನಾನು ಕೆಳಗೇ ಇದ್ದೆ. ಬೆಳಗ್ಗೆ ಕಾಫಿಗೆ ಬಂದಾಗ ಆ ಹುಡುಗನೇ ಹೇಳಿದ, "ಬೇಡ ಅಂತ ಫೋನ್ ಮಾಡಿ ಹೇಳಿದೆ ತಾತ." ಏಕೆಂದು ನಾನು ಕೇಳಲಿಲ್ಲ, ಅವನೇ ಹೇಳಿದ: "ನೂರು ಜನ ಸುಳ್ಳು ಹೊಗಳಿದ್ರೆ ನಿಜವಾಗಿ ಇಷ್ಟಪಟ್ಟವನು ಯಾರು ಅಂತ ನಮಗೇ ಗೊತ್ತಾಗಲ್ಲ."

ಈಗ ಕೌಂಟರಿನ ಇನ್ನೊಂದು ಬದಿಗೆ, ಪುಟ್ಟನ ಕಡೆಗೆ ಬರೋಣ. ಅವನ ಖಾತೆಯಲ್ಲಿ ಹುಟ್ಟುಹಬ್ಬ, ಸಂಕ್ರಾಂತಿಗಳಿಗೆ ಬಂದ ದುಡ್ಡು ಸೇರಿ ನಾಲ್ಕು ಸಾವಿರ ಇತ್ತು. ಇನ್ನೂ ಬಿಡುಗಡೆಯಾಗದ, ಮೂರೂವರೆ ಸಾವಿರದ ಆಟವೊಂದಕ್ಕೆ ಮುಂಗಡ ಕಟ್ಟಬೇಕೆಂದು ಹಟ ಹಿಡಿದ. ಬೇಡ ಎನ್ನುವುದು ಸುಲಭ. ದುಡ್ಡು ಅವನದು, ಅದೂ ನಿಜ. ಆದ್ದರಿಂದ ಅವನನ್ನು ಕೂರಿಸಿಕೊಂಡು ಚದುರಂಗದ ಮನೆಗಳ ಕತೆಯಿಂದ ಶುರು ಮಾಡಿದೆ.

ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತ ಹೋಗಿ ರಾಜನ ಕಣಜ ಬರಿದಾದ ಕತೆ ಎಲ್ಲರಿಗೂ ಗೊತ್ತು. ಅರವತ್ನಾಲ್ಕು ಮನೆಗಳ ಕಾಳೆಲ್ಲ ಕೂಡಿಸಿ ಅದಕ್ಕೆ ಇನ್ನೊಂದೇ ಒಂದು ಕಾಳು ಸೇರಿಸಿದರೆ 1,84,46,74,40,73,70,95,51,616 ಆಗುತ್ತದೆ. ಇಂಗ್ಲೆಂಡಿನ ಒಂದು ಸಣ್ಣ ತಂಡ 'ನೋ ಮ್ಯಾನ್ಸ್ ಸ್ಕೈ' ಎಂಬ ಆಟದಲ್ಲಿ ಅಷ್ಟು ಗ್ರಹಗಳಿವೆ ಎಂದು ಹೇಳಿತು. ಗಣಿತದ ಸೂತ್ರದಿಂದ ಹುಟ್ಟುವ ಗ್ರಹಗಳಾದ್ದರಿಂದ ಅದು ಸುಳ್ಳಲ್ಲ. ಸೆಕೆಂಡಿಗೆ ಒಂದು ಗ್ರಹ ನೋಡಿದರೂ ಮುಗಿಸಲು ಸುಮಾರು 58,000 ಕೋಟಿ ವರ್ಷ ಬೇಕು ಎಂದು ನಾನೂ ಪುಟ್ಟನೂ ಲೆಕ್ಕ ಹಾಕಿದೆವು. 2013ರಲ್ಲಿ ಮೊದಲ ಟ್ರೇಲರ್ ಬಂದಾಗ ಜನ ಬೆರಗಾದರು. ಆಟ ಮಾಡಿದವರ ಮುಖ್ಯಸ್ಥ ಷಾನ್ ಮರ್ರೆ ಟಿವಿಯಲ್ಲಿ, ಸಂದರ್ಶನಗಳಲ್ಲಿ ಕಾಣಿಸಿಕೊಂಡರು. ಆಟದಲ್ಲಿ ಒಬ್ಬರನ್ನೊಬ್ಬರು ಭೇಟಿಯಾಗಬಹುದು ಎಂಬ ಮಾತೂ ಬಂತು. 2016ರ ಆಗಸ್ಟಿನಲ್ಲಿ ಆಟ ಬಂದಾಗ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ! ಜನ ಸಿಟ್ಟಿಗೆದ್ದರು, ದುಡ್ಡು ವಾಪಸು ಕೇಳಿದರು.

ಆಮೇಲೆ ಆ ತಂಡ ಮಾಡಿದ್ದು ನನಗೆ ಬಹಳ ಹಿಡಿಸಿತು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರು. ಹೇಳಿ ಕೊಡದೆ ಬಿಟ್ಟದ್ದನ್ನು ಒಂದೊಂದಾಗಿ, ಉಚಿತವಾಗಿ, ವರ್ಷಗಟ್ಟಲೆ ಸೇರಿಸುತ್ತ ಬಂದರು. 2018ರಲ್ಲಿ ಆಟಗಾರರು ನಿಜವಾಗಿ ಒಟ್ಟಿಗೆ ಆಡುವಂತಾಯಿತು. ಇಂದು ಆ ಆಟವನ್ನು ಹೊಗಳುವವರೇ ಹೆಚ್ಚು. ಸುಸ್ತಿಯಾದ ಸಾಲವನ್ನು ಬಡ್ಡಿ ಸಮೇತ ತೀರಿಸಿದ ಹಾಗೆ. ಆದರೆ ಮೊದಲ ದಿನವೇ ದುಡ್ಡು ಕೊಟ್ಟವರು ಕಾಯಬೇಕಾದದ್ದು ಎರಡು ವರ್ಷ.

ಇನ್ನೊಂದನ್ನೂ ಹೇಳಿದೆ. ಪೋಲೆಂಡಿನ ಕಂಪನಿಯೊಂದು 2020ರ ಡಿಸೆಂಬರಿನಲ್ಲಿ ದೊಡ್ಡವರಿಗಾಗಿ 'ಸೈಬರ್‌ಪಂಕ್ 2077' ಎಂಬ ಆಟ ತಂದಿತು. ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಕಂಪ್ಯೂಟರಿನ ಪ್ರತಿ, ಅದು ಮಟ್ಟಸವಾಗಿತ್ತು. ಟಿವಿಗೆ ಜೋಡಿಸುವ ಹಳೆಯ ಯಂತ್ರಗಳಲ್ಲಿ ಅದೇ ಆಟ ತಡವರಿಸಿ ನಿಂತುಬಿಡುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನೇ ತೆಗೆದುಹಾಕಿ ಕೊಂಡವರಿಗೆ ಹಣ ಹಿಂದಿರುಗಿಸಿತು. ಜಾಮೀನುದಾರರು ನೋಡಿದ್ದು ಒಂದು ಮನೆ, ಜನ ಕೊಂಡದ್ದು ಇನ್ನೊಂದು ಮನೆ.

ಮಕ್ಕಳೇ, ಪುಟ್ಟ ಮತ್ತು ನಾನು ಸೇರಿ ಒಂದು ಹಾಳೆಯಲ್ಲಿ ಕೆಲವು ಪ್ರಶ್ನೆ ಬರೆದು ಅವನ ಮೇಜಿನ ಮೇಲೆ ಅಂಟಿಸಿದ್ದೇವೆ. ಹೊಗಳುವವನು ಆಟ ಆಡಿದ್ದಾನೆಯೇ, ಎಲ್ಲಿಯವರೆಗೆ ಆಡಿದ್ದಾನೆ? ಅವನಿಗೆ ದುಡ್ಡು ಕೊಟ್ಟವರು ಯಾರು, ಅದನ್ನು ಬಾಯಿಬಿಟ್ಟು ಹೇಳಿದ್ದಾನೆಯೇ? ಅವನು ಆಡಿದ ಯಂತ್ರವೂ ನಮ್ಮ ಮನೆಯ ಯಂತ್ರವೂ ಒಂದೇನಾ? ತೋರಿಸಿದ್ದು ನಿಜವಾದ ಆಟವೋ, ಟ್ರೇಲರಿಗೆಂದೇ ಮಾಡಿದ ಚಿತ್ರವೋ? ಒಂದಾದರೂ ಕೊರತೆ ಹೇಳಿದ್ದಾನೆಯೇ? ಕೊನೆಯದಾಗಿ, ಇಷ್ಟವಾಗದಿದ್ದರೆ ದುಡ್ಡು ವಾಪಸು ಬರುತ್ತದೆಯೇ? ಸ್ಟೀಮ್ ಅಂಗಡಿಯಲ್ಲಾದರೆ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಹಣ ಪಣಕ್ಕಿಟ್ಟು ಆಡುವ ಆಟಗಳ ಪ್ರಚಾರಕ್ಕೆ ಈ ಹಾಳೆಯ ಅಗತ್ಯವೇ ಇಲ್ಲ. ಅಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ.

ಪುಟ್ಟ ಮುಂಗಡ ಕಟ್ಟಲಿಲ್ಲ. ಆಟ ಬಂದ ಮೇಲೆ ಮೂರು ದಿನ ಕಾದು, ಹಾಳೆಯ ಪ್ರಶ್ನೆಗಳಿಗೆ ಒಂದೊಂದೇ ಸರಿ ಗುರುತು ಹಾಕಿ, ನಾಲ್ಕನೇ ದಿನ ಕೊಂಡ. ಆಟ ಚೆನ್ನಾಗಿಯೇ ಇದೆಯಂತೆ. ಬೆಲೆ ಅದೇ. "ಸುಮ್ನೆ ಮೂರು ದಿನ ವೇಸ್ಟ್ ಆಯ್ತು ತಾತ" ಎಂದು ಗೊಣಗಿದ. ಸಾಲ ಚೆನ್ನಾಗಿ ತೀರಿತೆಂದು ಜಾಮೀನು ಕೇಳಿದ್ದು ದಂಡವಾಗುವುದಿಲ್ಲ ಮರಿ ಎಂದೆ. ಅವನು ಅಷ್ಟರಲ್ಲಿ ಆಟ ಶುರು ಮಾಡಿದ್ದ.

ಹಿರಿಯರಿಗೂ ಒಂದು ಮಾತು. ಮೊಮ್ಮಕ್ಕಳು ಆಟದ ವಿಡಿಯೋ ನೋಡುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಆಟ ಅರ್ಥವಾಗಬೇಕೆಂದಿಲ್ಲ. ಮಾತಾಡುವವನ ದನಿ ಅರ್ಥವಾಗುತ್ತದೆ. ಸಂತೆಯಲ್ಲಿ ಮಾವಿನಹಣ್ಣು ಮಾರುವವನ ಕೂಗಿಗೂ, ಹಣ್ಣು ತಿಂದು ನೋಡಿದ ನೆಂಟನ ಮಾತಿಗೂ ಇರುವ ವ್ಯತ್ಯಾಸ ಗುರುತಿಸುವುದನ್ನು ನಾವು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಅದನ್ನು ಮಕ್ಕಳಿಗೆ ಕೊಡಬಹುದು.

ನಮ್ಮ ಹುಡುಗಿಯ ಆಟ ಮೊದಲ ತಿಂಗಳಲ್ಲಿ ಮಾರಾಟವಾದದ್ದು 412 ಪ್ರತಿ. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ. ಆ ಹುಡುಗ ಕೆಲಸಕ್ಕೆ ಸೇರಿದ, ಭಾನುವಾರಗಳಲ್ಲಿ ಮಾತ್ರ ಬರುತ್ತಾನೆ. ಆದರೆ ನನ್ನ ಸಲಹೆಯಂತೆ ಅವರು ಜಿಲ್ಲೆಯ ಕನ್ನಡ ಪತ್ರಿಕೆಗೂ ಒಂದು ಪ್ರಕಟಣೆ ಕಳಿಸಿದ್ದರು, ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಅದನ್ನು ಓದಿ ನಿವೃತ್ತ ಬಸ್ ಕಂಡಕ್ಟರೊಬ್ಬರು ಮಗನ ಕಂಪ್ಯೂಟರಿನಲ್ಲಿ ಆಟ ಆಡಿಸಿ ನೋಡಿ, ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದರು. ಆಟ ಚೆನ್ನಾಗಿದೆ, ಆದರೆ ಸೈಕಲ್ಲನ್ನು ಟಾಪಿನ ಮೇಲೆ ಮೊದಲು ಹಾಕಿಸಿದ್ದೀರಿ, ಅದು ತಪ್ಪು, ಸೈಕಲ್ಲಿನವನು ಯಾವಾಗಲೂ ನಡುದಾರಿಯಲ್ಲೇ ಇಳಿಯುತ್ತಾನೆ, ಅವನದನ್ನು ಕೊನೆಗೆ ಹಾಕಬೇಕು ಎಂದು. ಮುಂದಿನ ಆವೃತ್ತಿಯಲ್ಲಿ ಆ ಮೂವರು ಹಾಗೆಯೇ ತಿದ್ದಿದರು. ಕಂಡಕ್ಟರರ ಆ ಪತ್ರವನ್ನು ಅವರ ಅನುಮತಿ ಪಡೆದು, ಸೈಕಲ್ಲಿನ ತಪ್ಪು ಹಿಡಿದ ಸಾಲನ್ನೂ ಬಿಡದೆ, ತಮ್ಮ ಪ್ರೆಸ್ ಕಿಟ್ಟಿನ ಮೊದಲ ಪುಟದಲ್ಲೇ ಇಟ್ಟಿದ್ದಾರೆ.